ಕುಲುಕಣ್ಣ ತಿರುಗಿ ಬಿಗಿದ ಎರಡು ಬೋಲ್ಟು

ಬೆಳಗಿನ ಐದೂವರೆ. ಶಟರ್ ಅರ್ಧ ಎತ್ತಿದ ಗ್ಯಾರೇಜಿನೊಳಗೆ, ಇಪ್ಪತ್ತಮೂರು ವರ್ಷ ಹಳೆಯದಾದ ಬೂದು ಬಣ್ಣದ ಕಾರಿನ ಡ್ರೈವರ್ ಸೀಟಿನಲ್ಲಿ ಕೂತಿದ್ದೇನೆ. ಕಾರು ಎಲ್ಲಿಗೂ ಹೊರಟಿಲ್ಲ. ಹಿಂದಿನ ಸೀಟಿನ ಎಡಬದಿಗೆ ಎರಡು ಮರಳಿನ ಚೀಲಗಳನ್ನು ಕೂರಿಸಿ ಬೆಲ್ಟ್ ಹಾಕಿದ್ದಾರೆ. ಸಂದರ್ಶನ ಮಾಡಲು ಬಂದ ನನಗೆ ಸಿಕ್ಕ ಮೊದಲ ಕೆಲಸ ತೂಕವಾಗಿ ಕೂರುವುದು. ಒಳಗೆ ಕಾಲಿಡುತ್ತಲೇ ಮೆಕ್ಯಾನಿಕ್ "ನಿಮ್ಮ ತೂಕ ಎಷ್ಟು?" ಅಂದರು. ಅರವತ್ತೊಂದು ಅಂದೆ. "ಈ ಕಾರು ಓಡಿಸೋ ಟೀಚರ್ ಐವತ್ತೆಂಟು. ನಡಿಯುತ್ತೆ ಬಿಡಿ. ಆ ಬ್ಯಾಗು, ಫೋನು, ಶೂ ಎಲ್ಲ ಹೊರಗಿಟ್ಟು ಹತ್ತಿ."

ಕಾರಿನ ನಾಲ್ಕೂ ಚಕ್ರಗಳು ದಪ್ಪ ಮರದ ದಿಮ್ಮಿಗಳ ಮೇಲೆ ನಿಂತಿವೆ. ನೆಲಕ್ಕೂ ಕಾರಿನ ಹೊಟ್ಟೆಗೂ ನಡುವೆ ಒಬ್ಬ ಮನುಷ್ಯ ಮಲಗುವಷ್ಟು ಜಾಗ, ಮಗ್ಗುಲಾಗುವಷ್ಟಿಲ್ಲ. ಅಲ್ಲಿ ರಟ್ಟಿನ ಹಾಳೆಯ ಮೇಲೆ ಅಂಗಾತ ಮಲಗಿ, ಬಾಯಲ್ಲಿ ಪುಟ್ಟ ಟಾರ್ಚ್ ಕಚ್ಚಿಕೊಂಡು ತೆವಳುತ್ತಿರುವವರು ಈ ಲೇಖನದ ನಾಯಕರು. ಕಾಣುತ್ತಿರುವುದು ಅವರ ಪಾದ ಮಾತ್ರ. ಟಾರ್ಚ್ ಬಾಯಿಂದ ತೆಗೆದಾಗ ಮಾತು ಬರುತ್ತದೆ.

"ಅಲ್ಲಾಡ್ಬೇಡಿ."

ಅಲ್ಲಾಡಿಲ್ಲ ಅನ್ನುತ್ತೇನೆ.

"ಕಾಲ್ ಮೇಲೆ ಕಾಲ್ ಹಾಕಿದ್ರಿ ಈಗ. ಗೊತ್ತಾಯ್ತು."

ನಿಜ, ಹಾಕಿದ್ದೆ. ತೆಪ್ಪಗೆ ಇಳಿಸುತ್ತೇನೆ. ಅವರು ಬಿಗಿಯಬೇಕಾದದ್ದು ಎರಡೇ ಎರಡು ಬೋಲ್ಟು, ಹಿಂದಿನ ಚಕ್ರಗಳಿಗೆ ಒಂದೊಂದು. ಕೈಯೆತ್ತಿ ಸ್ಪ್ಯಾನರ್ ಹಿಡಿದರೆ ಅರ್ಧ ನಿಮಿಷದ ಕೆಲಸ. ಅದಕ್ಕೆ ಅವರು ನಲವತ್ತು ನಿಮಿಷ ತೆಗೆದುಕೊಳ್ಳುತ್ತಾರೆ, ಆ ನಲವತ್ತರಲ್ಲಿ ಹೆಚ್ಚಿನದು ಉಸಿರು ಸುಧಾರಿಸಿಕೊಳ್ಳುವುದಕ್ಕೇ ಹೋಗುತ್ತದೆ.

ಹೊರಬಂದ ಮೇಲೂ ಅವರು ತಟ್ಟನೆ ಏಳುವುದಿಲ್ಲ. ಮೊದಲು ಬಲಕ್ಕೆ ಹೊರಳುತ್ತಾರೆ, ಆಮೇಲೆ ಮಂಡಿಯೂರಿ ಬಂಪರ್ ಹಿಡಿಯುತ್ತಾರೆ, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಹಾಗೇ ಇರುತ್ತಾರೆ. ಕೈ ಕೊಡಲು ಹೋದೆ. ಬೇಡ ಅಂದರು. ಇಂಥ ಲೇಖನಗಳಲ್ಲಿ ನಾವು 'ಛಲ ಬಿಡದ ಸಾಧಕ' ಅಂತ ಬರೆದುಬಿಡುತ್ತೇವೆ. ನನ್ನ ಮುಂದೆ ಮಂಡಿಯೂರಿರುವ ಮನುಷ್ಯನಲ್ಲಿ ಛಲ ಗಿಲ ಏನೂ ಕಾಣುವುದಿಲ್ಲ. ಅವರಿಗೆ ಸುಸ್ತಾಗಿದೆ, ಹಲವು ವರ್ಷಗಳ ಸುಸ್ತು.

ಈ ಬೀದಿಯಲ್ಲಿ ಅವರನ್ನು ಎಲ್ಲರೂ ಕರೆಯುವುದು ಕುಲುಕಣ್ಣ ಅಂತ. ಕಾರು ಬಂದರೆ ಅವರು ಬಾನೆಟ್ ಎತ್ತುವುದಿಲ್ಲ, ಏನು ತೊಂದರೆ ಅಂತಲೂ ಕೇಳುವುದಿಲ್ಲ. ಮೂಲೆಗೆ ಎರಡೂ ಅಂಗೈ ಊರಿ, ಮೈಭಾರ ಹಾಕಿ ಒಂದು ಸಲ ಅದುಮಿ ಬಿಡುತ್ತಾರೆ. ಕಾರು ಮೇಲೆ ಬಂದು ಹೇಗೆ ನಿಲ್ಲುತ್ತದೆ ಅಂತ ನೋಡುತ್ತಾರೆ. ನಾಲ್ಕು ಮೂಲೆ ಕುಲುಕಿದ ಮೇಲೆ ರೋಗ ಹೇಳುತ್ತಾರೆ. ವಯಸ್ಸು ಐವತ್ತೇಳು, ಗಾಡಿಗಳ ಕೆಳಗೆ ಮೂವತ್ತೈದು ವರ್ಷ. ಮೊದಲ ಹನ್ನೊಂದು ವರ್ಷ ಬಸ್ ಡಿಪೋದಲ್ಲಿ ಪಟ್ಟಿ ಸ್ಪ್ರಿಂಗ್ ಬಿಚ್ಚಿ ಜೋಡಿಸುವ ಕೆಲಸ. ಡಿಪೋ ಮುಚ್ಚಿದ ಮೇಲೆ ಬಟ್ಟೆ ಒಗೆಯುವ ಅಂಗಡಿಗೂ ಮರದ ಕಾರ್ಖಾನೆಗೂ ನಡುವಿನ ಈ ಶೆಡ್. ಒಂದು ಕಡೆಯಿಂದ ಸೋಪಿನ ಹಬೆ, ಇನ್ನೊಂದು ಕಡೆಯಿಂದ ಮರದ ಪುಡಿ ಬಂದು ಮೂಗಿಗೆ ಬೀಳುತ್ತದೆ.

ದಿನಕ್ಕೆ ಹನ್ನೊಂದು ಗಂಟೆ ದುಡಿಮೆ, ವಾರಕ್ಕೆ ನಾಲ್ಕು ಕಾರು. ನೆಲಕ್ಕೆ ಬಿದ್ದು ಏಳುವುದು ದಿನಕ್ಕೆ ಮೂವತ್ತರಿಂದ ನಲವತ್ತು ಸಲ. ಎಡಗೈಯ ಎರಡು ಬೆರಳು ಸೊಟ್ಟ. ಹನ್ನೆರಡು ವರ್ಷದ ಹಿಂದೆ ಅದುಮಿ ಹಿಡಿದಿದ್ದ ಸ್ಪ್ರಿಂಗು ಜಾರಿ ಹಾರಿತು. "ಬೆರಳಿಗೆ ಬಡಿದು ಆಮೇಲೆ ಗೋಡೆಗೆ ಹೋಯ್ತು. ಗೋಡೆ ನೋಡಿ, ಇನ್ನೂ ಗುಂಡಿ ಇದೆ. ಗೋಡೆಗೇ ಜಾಸ್ತಿ ಪೆಟ್ಟು" ಅನ್ನುತ್ತಾರೆ. ಅವರ ಲೆಕ್ಕದಲ್ಲಿ ಇದು ಸಮಾಧಾನದ ಮಾತು.

ಶೆಡ್ಡಿನ ಹಿಂದಿನ ಕೋಣೆಯಲ್ಲಿ ಅವರ ಹೆಂಡತಿ ಕಾರಿನ ಸೀಟಿನ ಕವರ್ ಹೊಲಿಯುತ್ತಾರೆ. ಗಂಡನ ಬೆನ್ನಿನ ವಿಷಯ ಕೇಳಿದರೆ ಮಿಷನ್ ನಿಲ್ಲಿಸದೆಯೇ ಉತ್ತರ ಕೊಡುತ್ತಾರೆ. "ಮನೇಲಿ ಚಮಚ ಬಿದ್ರೆ ಎತ್ತಲ್ಲ. ನಾನು ನೋಡ್ತಿಲ್ಲ ಅಂತ ಕಾಲಲ್ಲೇ ಮಂಚದ ಕೆಳಗೆ ತಳ್ತಾರೆ. ಮೊನ್ನೆ ಗುಡಿಸ್ದಾಗ ನಾಲ್ಕು ಚಮಚ ಸಿಕ್ತು. ಒಂದಂತೂ ಕಳ್ದು ಹೋಯ್ತು ಅಂತ ನಾನು ಪಕ್ಕದ ಮನೆಯವಳ ಹತ್ರ ಜಗಳ ಆಡಿದ್ದೆ." ಡಾಕ್ಟರು ಈ ಕೆಲಸ ಬಿಡಿ ಅಂದು ಎರಡು ವರ್ಷವಾಗಿದೆಯಂತೆ. ಕುಲುಕಣ್ಣ ಡಾಕ್ಟರನ್ನು ಬಿಟ್ಟಿದ್ದಾರೆ.

ಬೂದು ಕಾರಿನ ಕಥೆಗೆ ಬರುತ್ತೇನೆ. ಕಾರು ನಾಲ್ಕು ಬೀದಿ ಆಚೆಯ ಟೀಚರದ್ದು. ಅವರ ಗಂಡ ವಿದ್ಯುತ್ ಕಂಬ ಹತ್ತುತ್ತಿದ್ದ ಲೈನ್‌ಮ್ಯಾನ್. ಎರಡು ವರ್ಷದ ಹಿಂದೆ ಕಂಬದಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು, ಮನೆಯೊಳಗೆ ಕೋಲು ಹಿಡಿದು ನಡೆಯುವಷ್ಟಾದರು. ಆದರೆ ಈಚೆಗೆ ಎಡಗಾಲಿನ ಸ್ಪರ್ಶ ದಿನದಿನಕ್ಕೆ ಹೋಗುತ್ತಿದೆ. ಇನ್ನೊಂದು ಆಪರೇಷನ್ ಬೇಕೇ, ಈಗಲೇ ಬೇಕೇ ಎಂದು ಹೇಳಬಲ್ಲ ದೊಡ್ಡ ಡಾಕ್ಟರು ಇರುವುದು ನೂರಾ ನಲವತ್ತು ಕಿಲೋಮೀಟರ್ ದೂರದಲ್ಲಿ. ಅಷ್ಟು ದೂರ ಕೂರುವುದೇ ಕಷ್ಟ. ಆಂಬುಲೆನ್ಸಿನಲ್ಲಿ ಒಮ್ಮೆ ಹೊರಟು ನೋಡಿದರು, ಅದು ಇನ್ನೂ ಹೆಚ್ಚು ಎತ್ತಿ ಹಾಕಿತು. ಆಗ ಟೀಚರ್ ಕುಲುಕಣ್ಣನ ಹತ್ತಿರ ಬಂದರು.

ಬರುವಾಗ ಫೋನಿನಲ್ಲಿ ಒಂದು ಚಿತ್ರ ತಂದಿದ್ದರು. ತಂಗಿಯ ಮಗ ಹುಡುಕಿ ಕೊಟ್ಟದ್ದು. ಕೆಂಪು ಸ್ಪ್ರಿಂಗು, ಹೊಳೆಯುವ ಕೊಳವೆ, ಎತ್ತರವನ್ನೂ ಗಟ್ಟಿತನವನ್ನೂ ಬೇಕಾದಂತೆ ಬದಲಿಸಿಕೊಳ್ಳಬಹುದಾದ ಸಸ್ಪೆನ್ಷನ್. ಮೂವತ್ತೆರಡು ಹಂತವಂತೆ. ಮೂವತ್ತೆರಡು ಅಂದರೆ ಚೆನ್ನಾಗಿಯೇ ಇರಬೇಕು ಅಂತ ಟೀಚರ್ ಅಂದುಕೊಂಡಿದ್ದರು. ನಾನಾಗಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದೆ.

ಕುಲುಕಣ್ಣ ಚಿತ್ರ ನೋಡಿ ಫೋನು ವಾಪಸು ಕೊಟ್ಟರು. "ಚೆನ್ನಾಗಿದೆ ಅಮ್ಮ. ಇದು ಹಾಕಿದ್ರೆ ಕಾರು ನೆಲ ನೆಕ್ಕೋ ಹಾಗೆ ಕೂರುತ್ತೆ, ತಿರುವಲ್ಲಿ ವಾಲಲ್ಲ. ನೀವು ರೇಸಿಗೆ ಹೋಗ್ತೀರಾ?" ಇಲ್ಲ ಅಂದರು ಟೀಚರ್. "ಹಂಗಾದ್ರೆ ಬೇಡ. ಇದ್ರಲ್ಲಿ ಮೂವತ್ತೆರಡೂ ಗಟ್ಟಿನೇ. ಕಲ್ಲಲ್ಲಿ ಮೂವತ್ತೆರಡು ಥರ ಇದ್ದ ಹಾಗೆ."

ಆಮೇಲೆ ಅವರು ಕೇಳುವುದು ಮೂರು ಪ್ರಶ್ನೆ. ಯಾರು ಕೂರುತ್ತಾರೆ, ಎಲ್ಲಿ ಕೂರುತ್ತಾರೆ, ಯಾವ ರಸ್ತೆಯಲ್ಲಿ ಹೋಗುತ್ತಾರೆ. ಎಷ್ಟು ಖರ್ಚು ಮಾಡುತ್ತೀರಿ ಅನ್ನುವುದು ನಾಲ್ಕನೆಯದು, ಅದನ್ನು ಸಾಮಾನ್ಯವಾಗಿ ಮರೆತುಬಿಡುತ್ತಾರೆ ಅಂತ ಹೆಂಡತಿಯ ದೂರು. ಹಳೇ ಕಾರಿಗೆ ಹೊಸ ಸಸ್ಪೆನ್ಷನ್ ಕೇಳಿಕೊಂಡು ಬರುವ ಹತ್ತು ಜನರಲ್ಲಿ ಏಳು ಜನರಿಗೆ ಅದು ಬೇಡವೇ ಬೇಡ ಅಂತ ಕಳಿಸುತ್ತಾರೆ. "ಇಪ್ಪತ್ತು ವರ್ಷದ ರಬ್ಬರ್ ಬುಶ್ ಒಣಗಿ ಹಪ್ಪಳ ಆಗಿರುತ್ತೆ. ಅದನ್ನ ಬಿಟ್ಟು ಸ್ಪ್ರಿಂಗ್ ಬದಲಾಯ್ಸು ಅಂತಾರೆ. ಮೊದ್ಲು ಬುಶ್ ಹಾಕಿ, ಸ್ಪ್ರಿಂಗ್ ಕೂರೋ ಜಾಗದಲ್ಲಿ ತುಕ್ಕು ಇದೆಯಾ ನೋಡಿ, ಕಂಪನಿದೇ ಸಾದಾ ಶಾಕ್ ಅಬ್ಸಾರ್ಬರ್ ಹಾಕಿ ಅಂತೀನಿ. ಮುಖ ಸಪ್ಪೆ ಮಾಡ್ಕೊಂಡು ಹೋಗ್ತಾರೆ. ಬೇರೆಯವ್ರ ಹತ್ರ ಕೆಂಪಂದೇ ಹಾಕಿಸ್ಕೊಂಡು, ಆರು ತಿಂಗ್ಳಿಗೆ ನನ್ನ ಹತ್ರಾನೇ ಬರ್ತಾರೆ."

ಟೀಚರಿಗೆ ಮಾತ್ರ ಬದಲಿಸಬಹುದಾದದ್ದೇ ಬೇಕು ಅಂದರು ಕುಲುಕಣ್ಣ. ಲೈನ್‌ಮ್ಯಾನ್ ಕೂರುವುದು ಯಾವಾಗಲೂ ಹಿಂದೆ ಎಡಕ್ಕೆ, ದಿಂಬು ಒರಗಿಕೊಂಡು. ಕಾರು ಆ ಮೂಲೆಗೆ ಕುಸಿಯುತ್ತದೆ, ಅವರ ಬೆನ್ನೂ ಆ ಕಡೆಗೆ ವಾಲುತ್ತದೆ. ಎತ್ತರ ಬದಲಿಸುವ ಅನುಕೂಲವಿದ್ದರೆ ಆ ಒಂದು ಮೂಲೆಯನ್ನು ಎತ್ತಿ, ಅವರು ಕೂತಾಗ ಕಾರು ಮಟ್ಟಸವಾಗುವಂತೆ ಇಡಬಹುದು. ಜೊತೆಗೆ ಅವರ ನೋವು ದಿನಕ್ಕೊಂದು ರೀತಿ. ಮೇಲಿನ ತಿರುಪು ಒಂದೆರಡು ಕ್ಲಿಕ್ ತಿರುಗಿಸಿ ಮೆತ್ತಗೆ ಮಾಡುವುದನ್ನು ಟೀಚರ್ ತಾವೇ ಕಲಿಯಬಹುದು. ಕೆಂಪಲ್ಲ, ಕಪ್ಪು ಬಣ್ಣದ್ದು, ಮೆತ್ತನೆ ಸ್ಪ್ರಿಂಗು, ಚಕ್ರಕ್ಕೆ ಮೇಲೆ ಕೆಳಗೆ ಉದ್ದ ಆಟ, ಹದಿನಾರೇ ಕ್ಲಿಕ್. ಹುಡುಕಿ ತರಿಸಿ, ಬುಶ್ ಬೋಲ್ಟು ಬಿಚ್ಚಿ ಜೋಡಿಸಿದರು. ಟೀಚರ್ ಡಾಕ್ಟರ ತಾರೀಖಿನ ಬೆಳಿಗ್ಗೆ ಗಂಡನನ್ನು ಕೂರಿಸಿಕೊಂಡು ಹೊರಟರು.

ನಲವತ್ತನೇ ಕಿಲೋಮೀಟರಿಗೆ ಕಾರು ವಾಪಸು ತಿರುಗಿತು. ಲೈನ್‌ಮ್ಯಾನ್ ಬಾಗಿಲ ಹಿಡಿ ಹಿಡಿದುಕೊಂಡು ಅಳುತ್ತಿದ್ದರಂತೆ. ಮನೆಗೆ ಬಂದವರೇ, ಇನ್ನು ನಾನು ಯಾವ ಕಾರೂ ಹತ್ತುವುದಿಲ್ಲ, ಕಾಲು ಹೋದರೆ ಹೋಗಲಿ ಅಂದುಬಿಟ್ಟರು.

ಟೀಚರ್ ಫೋನು ಮಾಡಿ ಬೈಯಲಿಲ್ಲ. ದೊಡ್ಡ ಗುಂಡಿ ಪರವಾಗಿಲ್ಲ ಅಂತಾರೆ, ಸಣ್ಣ ಸಣ್ಣ ಉಬ್ಬಿಗೇ ಚುಚ್ಚುತ್ತೆ ಅಂತಾರೆ, ಅಂತ ಹೇಳಿದರು. ಕಾರು ನೋಡುವ ಮೊದಲೇ ಏನಾಗಿದೆ ಅಂತ ಕುಲುಕಣ್ಣನಿಗೆ ಗೊತ್ತಾಯಿತು.

ಆ ರಬ್ಬರ್ ಬುಶ್ ಅನ್ನುವುದು ಕಬ್ಬಿಣದ ಎರಡು ಬಳೆಗಳ ನಡುವೆ ಕೂತ ರಬ್ಬರು. ಚಕ್ರ ಮೇಲೆ ಕೆಳಗೆ ಆಡುವಾಗ ತಾನು ತಿರುಚಿಕೊಂಡು, ಮತ್ತೆ ಸಡಿಲಾಗಿ, ಸಣ್ಣ ಪೆಟ್ಟುಗಳನ್ನೆಲ್ಲ ನುಂಗಿಕೊಳ್ಳುತ್ತದೆ. ಅದರ ಬೋಲ್ಟನ್ನು ಬಿಗಿಯುವಾಗ ಕಾರು ತನ್ನ ಚಕ್ರದ ಮೇಲೆ, ತನ್ನ ಭಾರ ಹೊತ್ತು ನಿಂತಿರಬೇಕು. ಕಾರನ್ನು ಲಿಫ್ಟಿನಲ್ಲಿ ಎತ್ತಿ, ಚಕ್ರ ಜೋತಾಡುತ್ತಿರುವಾಗಲೇ ಬಿಗಿದುಬಿಟ್ಟರೆ, ಕೆಳಗಿಳಿಸಿದ ಕ್ಷಣದಿಂದ ರಬ್ಬರು ತಿರುಚಿಕೊಂಡೇ ಇರುತ್ತದೆ. ಆಮೇಲೆ ಅದು ಏನನ್ನೂ ನುಂಗುವುದಿಲ್ಲ, ಸಣ್ಣ ಪೆಟ್ಟು ಸೀದಾ ಸೀಟಿಗೆ ಬರುತ್ತದೆ. ಲಿಫ್ಟಿನ ಕೆಳಗೆ ನಿಂತು ಬಿಗಿಯುವುದು ಸುಲಭ, ನೆಟ್ಟಗೆ ನಿಂತಿರಬಹುದು. ಸರಿಯಾಗಿ ಬಿಗಿಯಬೇಕಾದರೆ ನೆಲಕ್ಕೆ ಬೀಳಬೇಕು. ಕಾರಿನ ಕೆಳಗೆ ನಿಂತು ಕೆಲಸ ಮಾಡಲು ತೋಡಿದ ಗುಂಡಿಗಿಳಿದು ಮಾಡೋಣವೆಂದರೆ ಶೆಡ್ಡಿನ ಗುಂಡಿಗೆ ಒಗೆಯುವ ಅಂಗಡಿಯ ನೀರು ಒಸರುತ್ತದೆ, ಹಲಗೆ ಮುಚ್ಚಿ ವರ್ಷಗಳಾಗಿವೆ.

ಈ ತಪ್ಪು ಮಾಡಿದವರನ್ನು ಕುಲುಕಣ್ಣ ಮೂವತ್ತೈದು ವರ್ಷ ಬೈದಿದ್ದಾರೆ. ಸುತ್ತಲಿನ ಗ್ಯಾರೇಜುಗಳಲ್ಲಿ ಅದಕ್ಕೇ ಅವರ ಹೆಸರು ಕೆಟ್ಟಿದೆ. ಮರೆತಿರಾ ಅಂತ ಕೇಳಿದೆ. ಹೌದು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ಮರ್ತಿಲ್ಲ. ಅವತ್ತು ಸಂಜೆ ಮೂವತ್ತೆಂಟನೇ ಸಲ ಬಗ್ಬೇಕಿತ್ತು. ಬೆನ್ನು ಕಿತ್ತು ಬರ್ತಿತ್ತು. ಲಿಫ್ಟಲ್ಲೇ ಬಿಗ್ದೆ, ಬೆಳಿಗ್ಗೆ ಸಡ್ಲ ಮಾಡಿ ಕೆಳಗಿಳ್ಸಿ ಬಿಗಿಯೋಣ ಅಂದ್ಕೊಂಡೆ. ಬೆಳಿಗ್ಗೆ ಟೀಚರ್ ಬೇಗ ಬಂದ್ರು. ಬೀಗದ ಕೈ ಕೊಡುವಾಗ್ಲೂ ನೆನಪಿತ್ತು. ಕೊಟ್ಬಿಟ್ಟೆ." ಅವರು ಇದನ್ನು ನನ್ನ ಮುಖ ನೋಡಿಕೊಂಡೇ ಹೇಳಿದರು. ಬರೆಯಲೇ ಅಂದೆ. "ಬರೀರಿ. ನಿಮ್ಮ ಪೇಪರ್ ಓದಿ ಇಲ್ಲಿಗೆ ಬರೋರು ಅಷ್ಟರಲ್ಲೇ ಇದ್ದಾರೆ."

ಟೀಚರಿಗೂ ಹೀಗೇ ಹೇಳಿದರಂತೆ, ಫೋನಿನಲ್ಲಿಯೇ. ಟೀಚರ್, ಯಾವಾಗ ತರಲಿ ಅಂದರು. ಕಳಚಿ ನೋಡಿದರೆ ರಬ್ಬರು ಸೀಳಿತ್ತು. ಇಷ್ಟು ಹಳೇ ಕಾರಿನದು ಹತ್ತಿರದಲ್ಲಿ ಎಲ್ಲೂ ಸಿಗಲಿಲ್ಲ, ತರಿಸುವುದಕ್ಕೆ ಐದು ವಾರ ಹಿಡಿಯಿತು. ಡಾಕ್ಟರ ಹೊಸ ತಾರೀಖು ಇವತ್ತೇ, ಮಧ್ಯಾಹ್ನ ಹನ್ನೆರಡೂವರೆಗೆ. ಇದು ತಪ್ಪಿದರೆ ಮುಂದಿನದು ನಾಲ್ಕು ತಿಂಗಳ ಆಚೆ. ಅಷ್ಟರೊಳಗೆ ಆ ಕಾಲು ಇರುತ್ತದೋ ಇಲ್ಲವೋ ಎಂದು ಹೇಳುವವರಿಲ್ಲ. ಹೊಸ ಬುಶ್ ನಿನ್ನೆಯೇ ಕೂರಿಸಿದ್ದಾರೆ, ಬೋಲ್ಟು ಮಾತ್ರ ಬಿಗಿದಿರಲಿಲ್ಲ. "ಸಂಜೆ ಹೊತ್ತು ನನ್ನ ಮೇಲೆ ನನಗೇ ನಂಬ್ಕೆ ಇಲ್ಲ. ಅದಕ್ಕೇ ಬೆಳಿಗ್ಗೆಗೆ ಇಟ್ಕೊಂಡೆ" ಅನ್ನುತ್ತಾರೆ. ಮರಳಿನ ಚೀಲಗಳ ತೂಕ ಅರವತ್ತನಾಲ್ಕು ಕಿಲೋ, ಲೈನ್‌ಮ್ಯಾನ್ ತೂಗುವಷ್ಟೇ.

ಏಳು ಗಂಟೆಗೆ ಟೀಚರ್ ಮನೆಯ ಮುಂದೆ ಕಾರು ನಿಲ್ಲುತ್ತದೆ. ಟೀಚರ್ ಆಸ್ಪತ್ರೆಯ ಫೈಲು, ನೀರಿನ ಬಾಟಲಿ, ಬದಲಿ ಬಟ್ಟೆಯ ಚೀಲ ತಂದು ಗಂಡನಿಗೆ ಕಾಣದ ಹಾಗೆ ಡಿಕ್ಕಿಯಲ್ಲಿ ಇಡುತ್ತಾರೆ. ಲೈನ್‌ಮ್ಯಾನ್ ಒಪ್ಪಿರುವುದು ಒಂದು ಕಡೆಗೆ ಮೂರು ಕಿಲೋಮೀಟರಿಗೆ ಮಾತ್ರ. ಉಗ್ರಾಣಗಳ ಹಿಂದಿನ ಕೆಟ್ಟ ರಸ್ತೆಯಲ್ಲಿ ಹೆದ್ದಾರಿಯ ಕೂಡುರಸ್ತೆಯವರೆಗೆ ಹೋಗುವುದು, ಅಲ್ಲಿಂದ ತಿರುಗಿ ಮನೆಗೆ ಬರುವುದು. ಆಮೇಲೆ ನೋಡೋಣ ಅಂದಿದ್ದಾರೆ. ಬಾಗಿಲಿಂದ ಸೀಟಿಗೆ ಬರಲು ಅವರಿಗೆ ಆರು ನಿಮಿಷ ಬೇಕಾಗುತ್ತದೆ. ಯಾರೂ ಅವಸರ ಮಾಡುವುದಿಲ್ಲ. ಟೀಚರ್ ಸ್ಟೀರಿಂಗ್ ಹಿಡಿಯುತ್ತಾರೆ, ನಾನು ಮುಂದೆ ಡ್ಯಾಶ್‌ಬೋರ್ಡಿಗೆ ಮಂಡಿ ಒತ್ತಿಕೊಂಡು ಕೂರುತ್ತೇನೆ, ಕುಲುಕಣ್ಣ ಹಿಂದೆ ಲೈನ್‌ಮ್ಯಾನ್ ಪಕ್ಕ. ಕೂತವರೇ ಕುಲುಕಣ್ಣ ತಮ್ಮ ಕನ್ನಡಕ ತೆಗೆದು ಹಿಂದಿನ ಗಾಜಿನ ಕೆಳಗಿಟ್ಟು ಕಣ್ಣು ಮುಚ್ಚುತ್ತಾರೆ. ರಸ್ತೆಯನ್ನು ನೋಡಿದರೆ ಬೆನ್ನು ಮೊದಲೇ ತಯಾರಾಗಿಬಿಡುತ್ತದೆ, ಕಾರು ಏನು ಮಾಡುತ್ತಿದೆ ಅಂತ ಗೊತ್ತಾಗುವುದಿಲ್ಲ ಅನ್ನುವುದು ಅವರ ವಿವರಣೆ.

ಮೊದಲ ಕಿಲೋಮೀಟರಿನುದ್ದಕ್ಕೂ ಟೀಚರ್ ಗಂಡನನ್ನು ಕನ್ನಡಿಯಲ್ಲಿ ನೋಡುವುದು, ರಸ್ತೆ ನೋಡುವುದು, ಮತ್ತೆ ಕನ್ನಡಿ ನೋಡುವುದು. ನನಗಂತೂ ಉಸಿರು ಬಿಡಲೂ ಭಯ. ಕೊನೆಗೆ ಲೈನ್‌ಮ್ಯಾನೇ ಬಾಯಿ ಬಿಡುತ್ತಾರೆ.

"ಮರ್ತಿದ್ದು ನೀವೇನಾ?"

"ಮರ್ತಿಲ್ಲ ಸಾರ್. ಬೆನ್ನು ನೋಯ್ತಿತ್ತು, ಬಿಟ್ಬಿಟ್ಟೆ. ತಪ್ಪಾಯ್ತು."

ಲೈನ್‌ಮ್ಯಾನ್ ಬೆನ್ನ ಹಿಂದಿನ ದಿಂಬು ಸರಿಮಾಡಿಕೊಳ್ಳುತ್ತಾರೆ.

"ಬೆನ್ನಾ? ಎಲ್ಲಿ?"

"ಕೆಳಗಡೆ. ಎಡಕ್ಕೆ."

"ಕಾಲಿಗೆ ಇಳಿಯುತ್ತಾ?"

"ಒಂದೊಂದ್ಸಲ."

"ಇಳಿಯೋಕೆ ಬಿಡ್ಬೇಡಿ" ಅನ್ನುತ್ತಾರೆ ಲೈನ್‌ಮ್ಯಾನ್. "ಮಲಗುವಾಗ ಮಂಡಿ ಮಧ್ಯೆ ದಿಂಬಿಟ್ಕೊಳ್ಳಿ. ತೆಳ್ಳಗಿರೋದು."

ಸರಿ ಸಾರ್ ಅನ್ನುತ್ತಾರೆ ಕುಲುಕಣ್ಣ, ಕಣ್ಣು ಮುಚ್ಚಿಕೊಂಡೇ. ಹೀಗೆ ಇಬ್ಬರು ಗಂಡಸರು, ಒಬ್ಬ ಇನ್ನೊಬ್ಬನ ನೋವಿಗೆ ಕಾರಣನಾದವನು, ಯಾವ ಮುಲಾಮು ಉರಿಯುತ್ತದೆ, ಯಾವ ಕುರ್ಚಿಯಿಂದ ಏಳುವುದು ಕಷ್ಟ, ಸೀನು ಬಂದರೆ ಏನನ್ನು ಹಿಡಿದುಕೊಳ್ಳಬೇಕು ಎಂದು ಮಾತಾಡುತ್ತಾ ಉಗ್ರಾಣಗಳ ಹಿಂದಿನ ದರಿದ್ರ ರಸ್ತೆಯನ್ನು ದಾಟುತ್ತಾರೆ. ಆ ರಸ್ತೆಯಲ್ಲಿ ನನ್ನ ಸ್ವಂತ ಕಾರಾಗಿದ್ದರೆ ನನ್ನ ಹಲ್ಲುಗಳೇ ಅಲ್ಲಾಡುತ್ತಿದ್ದವು. ನಾನು ಕಿಟಕಿಯಾಚೆ ನೋಡುತ್ತೇನೆ.

ಕೂಡುರಸ್ತೆ ಬರುತ್ತದೆ. ಟೀಚರ್ ವೇಗ ತಗ್ಗಿಸಿ, ತಿರುಗಿಸಲು ಇಂಡಿಕೇಟರ್ ಹಾಕುತ್ತಾರೆ.

"ತಿರುಗಿಸ್ಬೇಡ" ಅನ್ನುತ್ತಾರೆ ಲೈನ್‌ಮ್ಯಾನ್.

ಟೀಚರ್ ಕನ್ನಡಿಯಲ್ಲಿ ನೋಡುತ್ತಾರೆ.

"ಈಗ ಮನೆಗೆ ಹೋದ್ರೆ ಮತ್ತೆ ಇಳಿದು ಹತ್ಬೇಕು. ನನ್ನ ಕೈಲಾಗಲ್ಲ. ಧೈರ್ಯ ಇರುವಾಗ್ಲೇ ಹೋಗ್ಬಿಡೋಣ. ಫೈಲು ಡಿಕ್ಕೀಲಿಟ್ಟಿದೀಯಲ್ಲ, ನೋಡ್ದೆ."

ಟೀಚರ್ ಇಂಡಿಕೇಟರ್ ಆರಿಸುತ್ತಾರೆ. ಕುಲುಕಣ್ಣ ಆಗಲೇ ಬಾಗಿಲು ತೆರೆದಾಗಿದೆ. "ನಾವಿಬ್ರೂ ಇಳೀತೀವಿ. ನಿಮ್ಮಿಬ್ರ ತೂಕಕ್ಕೇ ಕಾರು ಇಟ್ಟಿರೋದು, ನಾವಿಲ್ದಿದ್ರೆ ಇನ್ನೂ ಚೆನ್ನಾಗಿ ಹೋಗುತ್ತೆ" ಅಂದು ನನ್ನ ಕಡೆ ಕಣ್ಣು ಸನ್ನೆ ಮಾಡುತ್ತಾರೆ. ಇಳಿಯುತ್ತೇವೆ. ಎಂಜಿನ್ ಆರಿಸದೆ, ಕೈ ಕೂಡ ಬೀಸದೆ ಟೀಚರ್ ಹೆದ್ದಾರಿಗೆ ಹೊರಳುತ್ತಾರೆ.

ಬೂದು ಕಾರು ಲಾರಿಗಳ ನಡುವೆ ಚಿಕ್ಕದಾಗುವವರೆಗೂ ಕುಲುಕಣ್ಣ ರಸ್ತೆ ಬದಿಯಲ್ಲಿ ನಿಂತೇ ಇರುತ್ತಾರೆ. ಆಮೇಲೆ ಶೆಡ್ಡಿಗೆ ಮೂರು ಕಿಲೋಮೀಟರು ನಡೆಯಬೇಕಲ್ಲ ಅಂತ ನಿಟ್ಟುಸಿರು ಬಿಟ್ಟು, ಹಣೆ ಒರೆಸಿಕೊಳ್ಳಲು ಹೋಗಿ, ಕೈಯನ್ನು ಮೂಗಿನ ಮೇಲೆ ಆಡಿಸಿ ಹಾಗೇ ನಿಲ್ಲುತ್ತಾರೆ. ಕನ್ನಡಕ ಕಾರಿನ ಹಿಂದಿನ ಗಾಜಿನ ಕೆಳಗೇ ಉಳಿದಿದೆ. ಅದಿಲ್ಲದೆ ಅವರಿಗೆ ಬೋಲ್ಟಿನ ತಲೆ ಕಾಣುವುದಿಲ್ಲ, ಇವತ್ತಿನ ಕೆಲಸ ಹೋದ ಹಾಗೆಯೇ.

ಇನ್ನೂ ದೂರ ಹೋಗಿರಲಿಕ್ಕಿಲ್ಲ, ಟೀಚರಿಗೆ ಫೋನು ಮಾಡುತ್ತೇನೆ ಅಂತ ಜೇಬಿಗೆ ಕೈ ಹಾಕುತ್ತೇನೆ. ಅವರು ಆ ಸೊಟ್ಟ ಬೆರಳುಗಳ ಕೈಯಲ್ಲೇ ನನ್ನ ಮಣಿಕಟ್ಟು ಹಿಡಿದುಕೊಳ್ಳುತ್ತಾರೆ.

"ಬೇಡ. ಫೋನ್ ಮಾಡಿದ್ರೆ ಕಾರು ನಿಲ್ಲಿಸ್ತಾರೆ."